ಹೆಸರಘಟ್ಟದ ಹುಲ್ಲಿಗೆ ಬಂದ ನೆಂಟರು



ಹೊಸ ಕ್ಯಾಮೆರಾ ಕೊಂಡ ಸುದ್ದಿ ಓದಿ ಖುಷಿಯಾಯಿತು. ಗೂಬೆಯ ಫೋಟೊ ತೆಗೆಯಬೇಕು, ಎಲ್ಲಿಗೆ ಹೋಗಲಿ ಎಂದು ಕೇಳಿದ್ದೀರಿ. ಗೂಬೆಯ ಚಿತ್ರ ಗೋಡೆಗೆ ಹಾಕಿದರೆ ಮನೆಗೆ ಒಳ್ಳೆಯದಲ್ಲ ಎಂದು ನಿಮ್ಮ ಅತ್ತೆ ಹೇಳಿದ್ದನ್ನೂ ಬರೆದಿದ್ದೀರಿ. ಆ ವ್ಯಾಜ್ಯಕ್ಕೆ ನಾನು ಬರುವವನಲ್ಲ. ನಾಳೆ ನಿಮ್ಮನೆಯಲ್ಲಿ ಹಾಲು ಉಕ್ಕಿದರೂ ನನ್ನ ಮೇಲೇ ಗೂಬೆ ಕೂರಿಸುತ್ತೀರಿ!

ಕಾಡಿಗೇನೂ ಹೋಗಬೇಕಿಲ್ಲ. ಡಿಸೆಂಬರ್, ಜನವರಿಯಲ್ಲಿ ಹೆಸರಘಟ್ಟಕ್ಕೆ ಬನ್ನಿ. 1894ರಲ್ಲಿ ಬೆಂಗಳೂರಿಗೆ ನೀರು ಕೊಡಲೆಂದು ಕಟ್ಟಿದ ಕೆರೆಯ ಪಕ್ಕದಲ್ಲೇ ಹುಲ್ಲುಗಾವಲಿದೆ. ನೋಡಿದವರು ಬೀಳು ಭೂಮಿ ಎಂದುಕೊಳ್ಳುತ್ತಾರೆ. ಉತ್ತರದ ಕೊರೆಯುವ ಚಳಿ ಬಿಟ್ಟು ಬರುವ ಚಿಕ್ಕ ಕಿವಿಯ ಗೂಬೆಗೆ, ಅಂದರೆ ಶಾರ್ಟ್ ಇಯರ್ಡ್ ಔಲ್‌ಗೆ, ಅದೇ ಚಳಿಗಾಲದ ಬಿಡಾರ. ನಮ್ಮ ಹಾಲಕ್ಕಿಯ ಹಾಗೆ ಅದು ಮರದ ಪೊಟರೆ ಹುಡುಕುವುದಿಲ್ಲ. ಹಗಲೆಲ್ಲ ಹುಲ್ಲಿನ ನಡುವೆ ನೆಲದ ಮೇಲೇ ಮಲಗಿರುತ್ತದೆ. ಒಣಹುಲ್ಲಿನದೇ ಬಣ್ಣ, ಮೇಲೆ ಕಂದು ಗೀರು. ಹತ್ತು ಹೆಜ್ಜೆ ದೂರದಲ್ಲಿದ್ದರೂ ಕಾಣದು.

ಕಳೆದ ವಾರ ಸಂಜೆ ಐದಕ್ಕೆ ಮಣ್ಣುದಾರಿಯ ಅಂಚಿಗೆ ಕಾರು ನಿಲ್ಲಿಸಿ ಎಂಜಿನ್ ಆರಿಸಿದೆ. ಅಕ್ಕಿ ತುಂಬಿದ ಪುಟ್ಟ ಚೀಲವನ್ನು ಕಿಟಕಿಯ ಮೇಲಿಟ್ಟು ಅದರ ಮೇಲೆ ಲೆನ್ಸ್ ಊರಿದೆ. ಕಾರಿನೊಳಗೇ ಕೂತರೆ ಹಕ್ಕಿಗಳು ಅಷ್ಟಾಗಿ ಬೆದರುವುದಿಲ್ಲ, ಟ್ರೈಪಾಡ್ ಹೊತ್ತು ಇಳಿದರೆ ಮುಗಿಯಿತು. ಹೊತ್ತು ಇಳಿದಂತೆ ಸೆಳೆವ ಹಕ್ಕಿಗಳು, ಅಂದರೆ ಹ್ಯಾರಿಯರ್‌ಗಳು, ಒಂದೊಂದಾಗಿ ಬಂದು ರಾತ್ರಿಯ ನಿದ್ದೆಗೆ ಹುಲ್ಲಿಗಿಳಿದವು. ಅವು ಇಳಿಯುವುದಕ್ಕೂ ಅದೇ ಹುಲ್ಲಿನಿಂದ ಗೂಬೆ ಏಳುವುದಕ್ಕೂ ಸರಿಹೋಯಿತು. ಉದ್ದ ರೆಕ್ಕೆ ನಿಧಾನವಾಗಿ ಬಡಿಯುತ್ತ, ನೆಲಕ್ಕೆ ತಾಗುವಷ್ಟು ಕೆಳಗೆ ಹಾರಿತು. ಸದ್ದು ಮಾತ್ರ ಇಲ್ಲ. ರೆಕ್ಕೆಯ ಮುಂಚೂಣಿಯ ಗರಿಗಳ ಅಂಚಿನಲ್ಲಿ ಸಣ್ಣ ಹಲ್ಲುಗಳ ಸಾಲಿರುತ್ತದೆ, ಗಾಳಿಯ ಸದ್ದನ್ನು ಅದು ಅಡಗಿಸುತ್ತದೆ. ಇಲಿಗೆ ಸುಳಿವೇ ಸಿಗದು.

ಆಗ ಒಂದು ಜೀಪು ದಾರಿ ಬಿಟ್ಟು ಹುಲ್ಲಿನೊಳಕ್ಕೇ ನುಗ್ಗಿತು. ಇನ್ನೂ ಮಲಗಿದ್ದ ಎರಡು ಗೂಬೆಗಳು ಗಾಬರಿಯಿಂದ ಎದ್ದವು, ಕಾಗೆಗಳು ಅಟ್ಟಿಸಿಕೊಂಡು ಹೋದವು. ಜೀಪಿನವರಿಗೆ ಒಳ್ಳೆಯ ಫೋಟೊ ಸಿಕ್ಕಿರಬೇಕು. ಅಂಥ ಫೋಟೊಗೆ ನಾನು ಸೊನ್ನೆ ಅಂಕ ಕೊಡುತ್ತೇನೆ.

ಗೂಬೆಯ ಕಣ್ಣು ಹಳದಿ, ಸುತ್ತ ಕಾಡಿಗೆ ತೀಡಿದಂತೆ ಕಪ್ಪು. ಕಣ್ಣುಗುಡ್ಡೆ ಹೊರಳದ್ದರಿಂದ ಏನು ನೋಡಬೇಕಾದರೂ ಅದು ತಲೆಯನ್ನೇ ತಿರುಗಿಸಬೇಕು. ಆ ತಲೆ ನಿಮ್ಮತ್ತ ತಿರುಗಿ ಅಲ್ಲೇ ನಿಂತಿತೋ, ನೀವು ಹೆಚ್ಚೇ ಹತ್ತಿರ ಹೋಗಿದ್ದೀರಿ, ಹಿಂದೆ ಸರಿಯಿರಿ. ಫ್ರೇಮಿನ ತುಂಬ ಮುಖವೇ ಇರುವ ಚಿತ್ರಕ್ಕಿಂತ, ವಿಶಾಲ ಹುಲ್ಲಿನಲ್ಲಿ ಅಂಗೈಯಷ್ಟು ಗೂಬೆ ಇಲಿ ಹುಡುಕುತ್ತಿರುವ ಚಿತ್ರವೇ ನನಗಿಷ್ಟ. ಹಾರುವಾಗ ಶಟರ್ ಸೆಕೆಂಡಿನ ಸಾವಿರದ ಒಂದು ಭಾಗದಷ್ಟಿರಲಿ. ಐಎಸ್‌ಒ 3200ಕ್ಕೆ ಏರಿ ಚಿತ್ರ ಕಾಳುಕಾಳಾದರೆ ಆಗಲಿ ಬಿಡಿ. ಫ್ಲಾಶ್ ಬೇಡವೇ ಬೇಡ. ಮೊಬೈಲಿನಲ್ಲಿ ಅದರ ಕೂಗು ಹಾಕಿ ಕರೆಯುವುದು, ಇಲಿ ಕಟ್ಟಿ ಆಸೆ ತೋರಿಸುವುದು ಕೂಡ ಬೇಡ.

2024ರ ಅಕ್ಟೋಬರಿನಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಇಲ್ಲಿನ 5,678 ಎಕರೆಯನ್ನು ಸಂರಕ್ಷಣಾ ಮೀಸಲು ಮಾಡಲು ಒಪ್ಪಿತು. ಹೊರಡುವ ಮುನ್ನ ಪ್ರವೇಶಕ್ಕೆ ಅನುಮತಿ ಬೇಕೇ ಎಂದು ವಿಚಾರಿಸಿಕೊಳ್ಳಿ.

ಕೊನೆಯದಾಗಿ ಒಂದು ಕೋರಿಕೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಗೂಬೆ ಹಿಡಿಯುವುದು, ಮಾರುವುದು ಅಪರಾಧ. ಆದರೂ ದೀಪಾವಳಿಯ ಹೊತ್ತಿಗೆ ಮಾಟಮಂತ್ರಕ್ಕೆಂದು ಅವನ್ನು ಹಿಡಿಯುವವರಿದ್ದಾರೆ. ಚಿತ್ರ ಸಿಕ್ಕರೆ ನನಗೂ ಕಳಿಸಿ, ಬೇಕಾದವರಿಗೆಲ್ಲ ತೋರಿಸಿ. ಗೂಬೆ ಎಲ್ಲಿ ಕೂತಿತ್ತು ಎಂಬ ಗುರುತನ್ನು ಮಾತ್ರ ಯಾರಿಗೂ ಕೊಡಬೇಡಿ.

ನಿಮ್ಮ ವಿಶ್ವಾಸಿ