ಹೌಜ್ ಖಾಸ್‌ನ ಚಕ್ಕೋತ ಸೊಪ್ಪು

ಹೌಜ್ ಖಾಸ್ ಅಂದರೆ ರಾಜರ ಕೆರೆ ಅಂತ ಅರ್ಥ. ಅಲ್ಲಾವುದ್ದೀನ್ ಖಿಲ್ಜಿ ತೋಡಿಸಿದ ಕೆರೆ, 1352ರಲ್ಲಿ ಫಿರೋಜ್ ಶಾ ತುಘಲಕ್ ಅದರ ದಂಡೆಗೆ ಕಟ್ಟಿಸಿದ ಮದರಸಾ, ಇವನ್ನೆಲ್ಲ ಊರಿಂದ ಬಂದವರಿಗೆ ತೋರಿಸುತ್ತೇನೆ. ಆದರೆ ಈ ಜಾಗ ನನ್ನದೂ ಹೌದು ಅನ್ನಿಸಿದ್ದು ಒಂದು ಹಿಡಿ ಸೊಪ್ಪಿನಿಂದ.

ನಮ್ಮ ಹಿಂದಿನ ಬೀದಿಯಲ್ಲಿ ಹಳೇ ಮನೆಯೊಂದನ್ನು ಕೆಡವಿದ್ದರು. ಹೊಸದು ಏಳುವುದು ತಡವಾಗಿ, ಫೆಬ್ರವರಿ ಹೊತ್ತಿಗೆ ಸೈಟಿನ ತುಂಬ ಹಸಿರು. ಮಂಜು ಕರಗಿ ಬಿಸಿಲು ಬಿದ್ದ ಒಂದು ಬೆಳಿಗ್ಗೆ, ಕಾವಲುಗಾರನ ಹೆಂಡತಿ ಕುಕ್ಕರಗಾಲಲ್ಲಿ ಕೂತು ಕುಡಿ ಚಿವುಟಿ ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು. ಹಿಂದಿನಿಂದ ನೋಡಿದರೆ ಥೇಟ್ ನಮ್ಮಮ್ಮ.

ಒಂದು ಕಾಲಕ್ಕೆ ಅಮ್ಮ ಹಾಗೆ ಕೂರುವುದೇ ನನಗೆ ನಾಚಿಕೆ. ತುಮಕೂರು ಕಡೆಯ ನಮ್ಮೂರಲ್ಲಿ ಮಳೆ ಬಿದ್ದ ಮೇಲೆ ಅವಳು ರಾಗಿ ಹೊಲದ ಸಾಲುಗಳಲ್ಲಿ ಅಣ್ಣೆ, ಗಣಿಕೆ, ಹೊನಗೊನೆ ಕಿತ್ತು ಬೆರಕೆ ಸೊಪ್ಪು ತರುತ್ತಿದ್ದಳು. ದಾರಿಯಲ್ಲಿ ಗೆಳತಿಯರು ಸಿಕ್ಕರೆ ನಾನು ಹತ್ತು ಮಾರು ಹಿಂದುಳಿಯುತ್ತಿದ್ದೆ. ದುಡ್ಡಿಲ್ಲದವರು ತಿನ್ನೋದು ಅಂತ ನನ್ನ ಲೆಕ್ಕ. ಅಮ್ಮನಿಗೆ ಅದು ಗೊತ್ತಿತ್ತು. ಒಂದು ದಿನವೂ ಕೇಳಲಿಲ್ಲ.

ಏನಿದು ಅಂದೆ. 'ಬಥುವಾ' ಅಂದಳು ಆಕೆ. ಗೋಧಿ ಹೊಲದಲ್ಲಿ ಕಳೆಯಾಗಿ ಬರುತ್ತಂತೆ. ಪರಾಠಾಕ್ಕೂ ಆಗುತ್ತೆ, ಬೇಯಿಸಿ ಮೊಸರಿಗೆ ಹಾಕಿದರೆ ರಾಯತಾ. ಕುಡಿ ಬಲಿತು ಹೂ ಬಿಟ್ಟರೆ ರುಚಿಯಿಲ್ಲ. 'ಕೆರೆ ದಂಡೆಯದು ಮಾತ್ರ ಕೀಳಬೇಡಿ, ಅಲ್ಲಿಗೆ ಬಿಡೋದು ಶುದ್ಧ ಮಾಡಿದ ಚರಂಡಿ ನೀರು' ಅಂತಲೂ ಎಚ್ಚರಿಸಿ, ಒಂದು ಹಿಡಿ ಕೊಟ್ಟಳು. ಎಲ್ಲೋ ಕಂಡ ಸೊಪ್ಪು. ಹೆಸರು ಮಾತ್ರ ನಾಲಗೆಗೆ ಬರಲೊಲ್ಲದು.

ಅಮ್ಮನಿಗೆ ಫೋನ್ ಮಾಡಿದೆ. ಫೋಟೋ ಕಳಿಸೋಣವೆಂದರೆ ಅವಳಿಗೆ ಈಗ ಕಣ್ಣು ಮಂಜು.

'ಎಲೆ ಮಗುಚೇ. ಅಡೀಲಿ ಬಿಳೀ ಹಿಟ್ಟು ಉದುರಿಸಿದಂಗೈತಾ? ಬೆರಳಿಗೆ ಅಂಟುತ್ತಾ?'

ಅಂಟಿತು.

'ಚಕ್ಕೋತ ಸೊಪ್ಪು ಕಣೇ ಅದು! ಚೆನ್ನಾಗಿ ತೊಳಿ. ಬೇಳೆ ಜೊತೆ ಬೇಯಿಸಿ ಬಸಿ. ಕಟ್ಟು ಸಾರಿಗೆ, ಸೊಪ್ಪು ಪಲ್ಯಕ್ಕೆ.' ಒಂದು ಗಳಿಗೆ ಬಿಟ್ಟು ಕೇಳಿದಳು: 'ಯಾರ ಜಾಗ? ಕೇಳಿ ಕಿತ್ತೆ ತಾನೇ?'

'ಅವರೇ ಕೊಟ್ಟರಮ್ಮ.'

'ಹಂಗಾದ್ರೆ ಸರಿ. ಬೇರು ಕೀಳಬ್ಯಾಡಿ. ನಾಕು ಗಿಡ ಬೀಜಕ್ಕೆ ಬಿಡಿ.'

ಅವತ್ತು ರಾತ್ರಿ ಊರಿಂದ ತಂದಿದ್ದ ರಾಗಿ ಹಿಟ್ಟಿನ ಮುದ್ದೆ, ಬಸ್ಸಾರು. ಒಂದು ಬಟ್ಟಲು ಆಕೆಗೂ ಕೊಟ್ಟೆ. ಹುಳಿ ಖಾರದ ಸಾರು ಕುಡಿದು ನಕ್ಕಳು, ಮೊಸರು ಬೇಡವೇ ಅಂದಳು.

ಮಾರ್ಚಿಯಲ್ಲಿ ಜೆಸಿಬಿ ಬಂತು. ಬೀಜಕ್ಕೆ ಬಿಟ್ಟ ಗಿಡವೂ ಪಾಯದ ಮಣ್ಣಿನ ಜೊತೆ ಲಾರಿ ಹತ್ತಿತು. ಕಟ್ಟಡ ಎದ್ದ ಮೇಲೆ ಆ ಸಂಸಾರ ಬೇರೆ ಕಡೆ ಹೋಯಿತು.

ಈಗ ಚಳಿಗಾಲದಲ್ಲಿ ಬಥುವಾವನ್ನು ತಳ್ಳುಗಾಡಿಯವನ ಹತ್ತಿರ ಕೊಳ್ಳುತ್ತೇನೆ. ಎಲೆ ಮಗುಚಿ, ಬೆರಳಿಗೆ ಹಿಟ್ಟು ಅಂಟಿದ ಮೇಲೇ ದುಡ್ಡು ಕೊಡೋದು. ಗೆಳತಿಯರು ಜೊತೆಯಲ್ಲಿದ್ದರೂ ಸರಿಯೇ.