ನನಗೆ ಬಂದ ಜ್ವರ

ಮಾಗಡಿಯಲ್ಲಿ ಓದುತ್ತಿದ್ದಾಗ ಒಮ್ಮೆ ರಜೆಯ ಅರ್ಜಿಯಲ್ಲಿ ‘ಫೀವರ್ ಹ್ಯಾಸ್ ಕಮ್ ಟು ಮಿ’ ಎಂದು ಬರೆದಿದ್ದೆ. ಮೇಷ್ಟರು ಅದನ್ನು ತರಗತಿಗೆಲ್ಲ ಓದಿ ಹೇಳಿದರು, ಎಲ್ಲರೂ ನಕ್ಕರು. ಜ್ವರ ಮೂರು ದಿನಕ್ಕೆ ಬಿಟ್ಟಿತು. ಇಂಗ್ಲಿಷಿನ ಭಯ ವರ್ಷಗಟ್ಟಲೆ ಬಿಡಲಿಲ್ಲ.

ಮುಂದೆ ಎಂ.ಎ. ತರಗತಿಯಲ್ಲಿ, 13ನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಓದುತ್ತ ಚತುರ್ಥೀ ವಿಭಕ್ತಿಗೆ ಬಂದಾಗ ಆ ಅರ್ಜಿ ನೆನಪಾಯಿತು. ಕನ್ನಡಿಗನಿಗೆ ಹಸಿವಾಗುತ್ತದೆ, ಕೋಪ ಬರುತ್ತದೆ, ಜ್ವರವೂ ಬರುತ್ತದೆ. ಇಂಗ್ಲಿಷಿನವನಾದರೋ ‘ಐ ಹ್ಯಾವ್ ಎ ಫೀವರ್’ ಎಂದು ಜ್ವರಕ್ಕೂ ಯಜಮಾನನಾಗುತ್ತಾನೆ! ನನ್ನದು ದಡ್ಡತನವಾಗಿರಲಿಲ್ಲ, ತಾಯ್ನುಡಿಯ ವ್ಯಾಕರಣ ಹೇಳದೆ ಕೇಳದೆ ಪರಭಾಷೆಯ ಮನೆಗೆ ನುಗ್ಗಿತ್ತು, ಅಷ್ಟೆ.

ಈಗ ವಿದ್ಯಾರ್ಥಿಯೊಬ್ಬ ಅಂಥದೇ ಅರ್ಜಿ ತಂದರೆ ಎರಡು ವಾಕ್ಯಗಳನ್ನೂ ಅಕ್ಕಪಕ್ಕ ಬರೆದು, “ಅವರು ಜ್ವರವನ್ನು ಇಟ್ಟುಕೊಳ್ಳುತ್ತಾರಪ್ಪ, ನಮಗದು ಬಂದು ಹೋಗುತ್ತದೆ” ಎನ್ನುತ್ತೇನೆ. ಅವನೇ ನಗುತ್ತಾನೆ, ನಗುತ್ತಲೇ ತಿದ್ದಿಕೊಳ್ಳುತ್ತಾನೆ.