ಲ್ಯಾಟಿನ್‌ಗೆ ಕನ್ನಡದಿಂದಲೇ ದಾರಿ

ಲ್ಯಾಟಿನ್ ಕಲಿಯಲು ಹೊರಟವರಿಗೆ ನಮ್ಮಲ್ಲಿ ಸಿಗುವ ಪುಸ್ತಕಗಳೆಲ್ಲ ಇಂಗ್ಲಿಷಿನವು. 1888ರಲ್ಲಿ ಬಂದ ಕೆನಡಿಯ ಪ್ರೈಮರ್ ಇರಲಿ, 1956ರಲ್ಲಿ ಅಮೆರಿಕದಲ್ಲಿ ಅಚ್ಚಾದ ವೀಲಾಕ್ ಇರಲಿ, ಒಳ್ಳೆಯ ಪುಸ್ತಕಗಳೇ. ಆದರೆ ಅವು ಇಂಗ್ಲಿಷ್ ಆಡಿ ಬೆಳೆದ ಮಕ್ಕಳಿಗಾಗಿ ಬರೆದವು. ನಾಮಪದದ ಕೊನೆ ಬದಲಾದರೆ ವಾಕ್ಯದಲ್ಲಿ ಅದರ ಕೆಲಸವೇ ಬದಲಾಗುತ್ತದೆ ಎಂಬ ಸಂಗತಿಯನ್ನು ಆ ಮಕ್ಕಳಿಗೆ ಮನದಟ್ಟು ಮಾಡಿಸಲು ಪುಟಗಟ್ಟಲೆ ವಿವರಣೆ ಬೇಕು. ನಮಗೇಕೆ ಬೇಕು? ರಾಮನು, ರಾಮನನ್ನು, ರಾಮನಿಂದ, ರಾಮನಿಗೆ ಎಂದು ಶಾಲೆಯಲ್ಲಿ ರಾಗವಾಗಿ ಒಪ್ಪಿಸಿದವರು ನಾವು. ಹಾಗಿದ್ದೂ ಇಂಗ್ಲಿಷ್ ವಿವರಣೆಯನ್ನು ಓದಿ, ಇಂಗ್ಲಿಷಿಗೆ ಅನುವಾದಿಸಿ, ಆಮೇಲೆ ಅರ್ಥ ಮಾಡಿಕೊಳ್ಳುವ ಸುತ್ತುದಾರಿ ಹಿಡಿಯುತ್ತೇವೆ. ಕನ್ನಡ ಬಲ್ಲವರು ಲ್ಯಾಟಿನ್ನಿಗೆ ಕನ್ನಡದಿಂದಲೇ ನೇರವಾಗಿ ಹೋಗಬೇಕು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಆರಂಭದ ಪಾಠದಲ್ಲಿ ಬರುವಂಥ ಒಂದು ವಾಕ್ಯ ನೋಡಿ: ಪುಎಲ್ಲ ಅಗ್ರಿಕೊಲಮ್ ವಿದೆತ್. ಪುಎಲ್ಲ ಎಂದರೆ ಹುಡುಗಿ, ಅಗ್ರಿಕೊಲ ಎಂದರೆ ರೈತ, ವಿದೆತ್ ಎಂದರೆ ನೋಡುತ್ತಾಳೆ. ಹುಡುಗಿ ರೈತನನ್ನು ನೋಡುತ್ತಾಳೆ. ಪದದ ಕೆಳಗೆ ಪದವಿಟ್ಟರೆ ಸಾಕು, ಒಂದನ್ನೂ ಅತ್ತಿತ್ತ ಸರಿಸಬೇಕಾಗಿಲ್ಲ. ಕರ್ತೃ, ಕರ್ಮ, ಕ್ರಿಯೆ, ಅದೇ ಕ್ರಮ. ಅಗ್ರಿಕೊಲಮ್ ಎಂಬಲ್ಲಿನ ಮಕಾರ ನಮ್ಮ 'ಅನ್ನು'. ಈಗ ಪದಗಳನ್ನು ಹಿಂದುಮುಂದಾಗಿಸಿ: ಅಗ್ರಿಕೊಲಮ್ ಪುಎಲ್ಲ ವಿದೆತ್. ರೈತನನ್ನು ಹುಡುಗಿ ನೋಡುತ್ತಾಳೆ. ಒತ್ತು ಬೇರೆಯಾಯಿತು, ನೋಡಿದವರು ಬೇರೆಯಾಗಲಿಲ್ಲ. ಇಂಗ್ಲಿಷಿನಲ್ಲಿ ಹೀಗೆ ಪದ ಸರಿಸಿದರೆ ರೈತನೇ ಹುಡುಗಿಯನ್ನು ನೋಡಿದಂತಾಗುತ್ತದೆ. ಅವರ ಪುಸ್ತಕಗಳು ಇದನ್ನೊಂದು ದೊಡ್ಡ ಸೋಜಿಗವೆಂಬಂತೆ ವಿವರಿಸುವುದು ಅದಕ್ಕೇ.

ಕ್ರಿಯಾಪದವೂ ಅಷ್ಟೇ ಪರಿಚಿತ. ಅಮೋ, ಅಮಾಸ್, ಅಮತ್: ಪ್ರೀತಿಸುತ್ತೇನೆ, ಪ್ರೀತಿಸುತ್ತೀಯೆ, ಪ್ರೀತಿಸುತ್ತಾಳೆ. ನಾನು, ನೀನು ಎಂದು ಬೇರೆಯಾಗಿ ಹೇಳದಿದ್ದರೂ ಕ್ರಿಯಾಪದದ ಕೊನೆಯೇ ಅದನ್ನು ಹೇಳುತ್ತದೆ. ಅವನೋ ಅವಳೋ ಎಂಬುದನ್ನು ಮಾತ್ರ ಅಮತ್ ಬಿಟ್ಟುಕೊಡುವುದಿಲ್ಲ. ಆ ವಿಷಯದಲ್ಲಿ ಕನ್ನಡ ಒಂದು ಹೆಜ್ಜೆ ಮುಂದೆ.

ಹೊಸಬರನ್ನು ಹೆದರಿಸುವುದು ಅಬ್ಲೇಟಿವ್ ಎಂಬ ವಿಭಕ್ತಿ. ಇಂಗ್ಲಿಷ್ ಪುಸ್ತಕ ತೆರೆದರೆ ಅದಕ್ಕೆ ಮೂರೋ ನಾಲ್ಕೋ ಅರ್ಥ ಕೊಟ್ಟು, ಸಂದರ್ಭ ನೋಡಿ ಆರಿಸಿಕೊಳ್ಳಿ ಎನ್ನುತ್ತಾರೆ. ಕನ್ನಡದವರು ಒಂದೇ ಪ್ರತ್ಯಯ ನೆನೆದರೆ ಮುಕ್ಕಾಲುಪಾಲು ಕೆಲಸ ಆಗುತ್ತದೆ: 'ಇಂದ'. ಗ್ಲದಿಯೋ ಎಂದರೆ ಕತ್ತಿಯಿಂದ. ರೋಮಾ ವೆನಿತ್ ಎಂದರೆ ರೋಮಿನಿಂದ ಬರುತ್ತಾನೆ. ಒಂದು ಸಾಧನ, ಇನ್ನೊಂದು ಹೊರಟ ಜಾಗ. ಎರಡಕ್ಕೂ ಲ್ಯಾಟಿನ್ನಿನಲ್ಲಿ ಒಂದೇ ವಿಭಕ್ತಿ, ನಮ್ಮಲ್ಲಿ ಒಂದೇ ಪ್ರತ್ಯಯ. ಶಾಲೆಯಲ್ಲಿ ಪಂಚಮಿಗೆಂದು 'ದೆಸೆಯಿಂದ' ಎಂಬುದನ್ನು ಕಲಿಸುತ್ತಾರೆ, ನಿಜ. ಅದು ಸಂಸ್ಕೃತದ ಅಚ್ಚಿಗೆ ಕನ್ನಡವನ್ನು ಹೊಂದಿಸಲು ಬಂದದ್ದು. ಮೈಸೂರಿನ ದೆಸೆಯಿಂದ ಬಂದೆ ಎಂದು ಯಾರೂ ಹೇಳುವುದಿಲ್ಲ, ಮೈಸೂರಿಂದ ಬಂದೆ ಎನ್ನುತ್ತಾರೆ. ಇನ್ನು ಸಪ್ತಮಿಯ ಹೆಚ್ಚಿನ ಕೆಲಸವನ್ನೂ ಅಬ್ಲೇಟಿವೇ ವಹಿಸಿಕೊಂಡಿದೆ, ಹಿಂದೆ 'ಇನ್' ಎಂಬ ಪದ ಇಟ್ಟುಕೊಂಡು. ಹಳೆಯ ಸಪ್ತಮಿ ಊರುಗಳ ಹೆಸರಿನಲ್ಲೂ ಇನ್ನು ಕೆಲವು ಪದಗಳಲ್ಲೂ ಉಳಿದಿದೆ: ರೋಮೈ ಎಂದರೆ ರೋಮಿನಲ್ಲಿ, ದೊಮೀ ಎಂದರೆ ಮನೆಯಲ್ಲಿ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಚತುರ್ಥಿ. ಮಿಹಿ ಎಂದರೆ ನನಗೆ. ಮಿಹಿ ದುವೊ ಫೀಲಿಯೀ ಸುಂತ್: ನನಗೆ ಇಬ್ಬರು ಗಂಡುಮಕ್ಕಳಿದ್ದಾರೆ. ಇಂಗ್ಲಿಷಿನವರು ಮಕ್ಕಳನ್ನು 'ಹೊಂದಿರುತ್ತಾರೆ'. ಲ್ಯಾಟಿನ್ನಿನಲ್ಲಿ ಹಾಗೆ ಹೇಳುವ ಕ್ರಿಯಾಪದ ಇದ್ದರೂ ಈ ಚತುರ್ಥಿಯ ರೀತಿಯೂ ಸಹಜವಾಗಿ ಬಳಕೆಯಲ್ಲಿತ್ತು. ಮಿಹಿ ಪ್ಲಕೆತ್ ಎಂದರೆ ನನಗೆ ಇಷ್ಟ. ಮಿಹಿ ವಿದೇತುರ್ ಎಂಬುದಂತೂ ಇನ್ನೂ ಹತ್ತಿರ. ನೋಡು ಎಂಬ ಕ್ರಿಯಾಪದದ ಕರ್ಮಣಿ ರೂಪ ವಿದೇತುರ್. ನನಗೆ ಕಾಣುತ್ತದೆ, ಅಂದರೆ ನನಗೆ ಹಾಗನ್ನಿಸುತ್ತದೆ. ಮಳೆ ಬರೋ ಹಾಗೆ ಕಾಣುತ್ತೆ ಎಂದು ದಿನವೂ ಆಡುವವರಿಗೆ ಇದಕ್ಕೆ ಟಿಪ್ಪಣಿ ಬೇಕೇ? ಸಿಸೆರೊವಿನ ಬರಹದಲ್ಲಿ ಈ ಮಿಹಿ ವಿದೇತುರ್ ಸಿಕ್ಕಾಗಲೆಲ್ಲ ನಮ್ಮೂರಿನ ಹಿರಿಯರು ಯಾರೋ ಮಾತಾಡಿದಂತೆ ನನಗೆ ಕೇಳುತ್ತದೆ.

ಪದದ ಕೊನೆಗೆ ಅಂಟುವ ಸಣ್ಣ ಅಕ್ಷರಗಳೂ ಹಾಗೆಯೇ. ಪ್ರಶ್ನೆ ಕೇಳಲು ಲ್ಯಾಟಿನ್ 'ನೆ' ಹಚ್ಚುತ್ತದೆ, ನಾವು 'ಆ' ಹಚ್ಚುತ್ತೇವೆ: ವಿದೇಸ್‌ನೆ, ನೋಡುತ್ತೀಯಾ? ರೋಮ್ ನಗರದ ಬೀದಿಗಳಲ್ಲಿ ಚರಂಡಿಯ ಮುಚ್ಚಳಗಳ ಮೇಲೂ ಎಸ್, ಪಿ, ಕ್ಯೂ, ಆರ್ ಎಂಬ ನಾಲ್ಕಕ್ಷರ ಇಂದಿಗೂ ಕಾಣುತ್ತವೆ. ಸೆನಾತುಸ್ ಪೊಪುಲುಸ್‌ಕ್ವೆ ರೋಮಾನುಸ್, ಸೆನೆಟ್ಟೂ ರೋಮಿನ ಜನರೂ. ಅಲ್ಲಿ ಅಂಟಿರುವ ಕ್ವೆ ಸಂಸ್ಕೃತದ 'ಚ'ಕಾರದ ಒಡಹುಟ್ಟು, ಕೆಲಸದಲ್ಲಿ ನಮ್ಮ 'ಊ'.

ಬರವಣಿಗೆಯ ಮಾತೊಂದನ್ನು ಇಲ್ಲಿ ಹೇಳಲೇಬೇಕು. ಲ್ಯಾಟಿನ್ನಿನಲ್ಲಿ ಹ್ರಸ್ವ ದೀರ್ಘಗಳಿಂದ ಅರ್ಥ ಬದಲಾಗುತ್ತದೆ, ಆದರೆ ರೋಮನ್ ಲಿಪಿಯಲ್ಲಿ ಅದು ಸಾಮಾನ್ಯವಾಗಿ ಕಾಣುವುದಿಲ್ಲ. ಪಠ್ಯಪುಸ್ತಕದವರು ಸ್ವರದ ಮೇಲೆ ಗೆರೆ ಎಳೆದು ತೋರಿಸುತ್ತಾರೆ, ಕಣ್ಣು ಅದನ್ನು ದಾಟಿ ಹೋಗುತ್ತದೆ. ಅದನ್ನೇ ಕನ್ನಡ ಲಿಪಿಯಲ್ಲಿ ಬರೆದು ನೋಡಿ. ಪುಎಲ್ಲ, ಹುಡುಗಿ, ಪುಎಲ್ಲಾ, ಅದರ ಅಬ್ಲೇಟಿವ್. ವೆನಿತ್, ಬರುತ್ತಾನೆ, ವೇನಿತ್, ಬಂದನು. ಪೊಪುಲುಸ್, ಜನ, ಪೋಪುಲುಸ್, ಪಾಪ್ಲರ್ ಮರ. ಹ್ರಸ್ವ ಎಕಾರ ಒಕಾರಗಳಿಗೆ ಸಂಸ್ಕೃತದಲ್ಲಿ ಅಕ್ಷರವಿಲ್ಲ, ಕನ್ನಡದಲ್ಲಿ ಇದೆ. ಒತ್ತಕ್ಷರವೂ ಇದೆ. ನಾನು ನೋಟ್‌ಬುಕ್ಕಿನಲ್ಲಿ ಲ್ಯಾಟಿನ್ ಪದಗಳನ್ನೆಲ್ಲ ಕನ್ನಡದಲ್ಲೇ ಬರೆದಿಡುತ್ತೇನೆ. ಓದಿದರೆ ಉಚ್ಚಾರ ತಾನಾಗಿ ಸರಿಯಾಗಿ ಬರುತ್ತದೆ.

ಎಲ್ಲವೂ ಇಷ್ಟು ಸಲೀಸಲ್ಲ. ನಾಮಪದಗಳಲ್ಲಿ ಐದು ಗಣ, ಕ್ರಿಯಾಪದಗಳಲ್ಲಿ ನಾಲ್ಕು. ಗಟ್ಟಿಯಾಗಿ ಹೇಳುತ್ತಾ ಬಾಯಿಪಾಠ ಮಾಡುವುದೊಂದೇ ದಾರಿ. ಅದಕ್ಕಿಂತ ತೊಡಕಿನದು ಲಿಂಗ. ಕನ್ನಡದಲ್ಲಿ ಗಂಡಸು ಪುಲ್ಲಿಂಗ, ಹೆಂಗಸು ಸ್ತ್ರೀಲಿಂಗ, ಮಿಕ್ಕದ್ದು ನಪುಂಸಕ. ಅರ್ಥ ಗೊತ್ತಿದ್ದರೆ ಲಿಂಗ ಗೊತ್ತು. ಲ್ಯಾಟಿನ್ನಿನಲ್ಲಿ ಮೇಜು ಸ್ತ್ರೀಲಿಂಗ, ಕೈಯೂ ಸ್ತ್ರೀಲಿಂಗ. ಮೇಲಾಗಿ ವಿಶೇಷಣವೂ ನಾಮಪದದ ಲಿಂಗ, ವಚನ, ವಿಭಕ್ತಿಗಳನ್ನು ಹಿಡಿದು ನಡೆಯಬೇಕು. ಒಳ್ಳೆಯ ಕವಿ, ಒಳ್ಳೆಯ ಹುಡುಗಿ ಎಂದು ನಾವು 'ಒಳ್ಳೆಯ' ಎಂಬುದನ್ನು ಮುಟ್ಟದೆ ಸಾಗುತ್ತೇವೆ. ಅಲ್ಲಿ ಪೊಯೇತ ಬೊನುಸ್, ಪುಎಲ್ಲ ಬೊನ. ಇಲ್ಲಿ ಕನ್ನಡ ಕೈಬಿಡುತ್ತದೆ. ಸಂಸ್ಕೃತ ಓದಿದವರಿಗೆ ಮಾತ್ರ ಸುಂದರಃ, ಸುಂದರೀ, ಸುಂದರಮ್ ನೆನಪಾಗಿ ಧೈರ್ಯ ಬರುತ್ತದೆ.

ಈ ಹೊಂದಾಣಿಕೆಯನ್ನು ಕಣ್ಣಾರೆ ಕಾಣಲು ಬೆಂಗಳೂರಿನವರು ಲಾಲ್‌ಬಾಗಿಗೆ ಹೋಗಬಹುದು. ಮರಗಳಿಗೆ ತೂಗುಹಾಕಿದ ಸಸ್ಯನಾಮದ ಫಲಕಗಳೆಲ್ಲ ಲ್ಯಾಟಿನ್ ವ್ಯಾಕರಣಕ್ಕೆ ಬದ್ಧ. ಶ್ರೀಗಂಧಕ್ಕೆ ಸ್ಯಾಂಟಲಮ್ ಆಲ್ಬಮ್: ನಾಮಪದವೂ ನಪುಂಸಕ, ಬಿಳಿ ಎಂಬ ವಿಶೇಷಣವೂ ನಪುಂಸಕ, ಎರಡರ ಕೊನೆಗೂ ಉಮ್. ಮಾವಿಗೆ ಮ್ಯಾಂಜಿಫೆರ ಇಂಡಿಕ, ಎರಡೂ ಸ್ತ್ರೀಲಿಂಗ. ಆದರೆ ಅರಳಿಮರಕ್ಕೆ ಫೈಕಸ್ ರಿಲಿಜಿಯೋಸ, ಅತ್ತಿಗೆ ಫೈಕಸ್ ರೆಸಿಮೋಸ. ನಾಮಪದ ಉಸ್ ಎಂದು ಮುಗಿದು ಪುಲ್ಲಿಂಗದಂತೆ ಕಾಣುತ್ತದೆ, ವಿಶೇಷಣ ಮಾತ್ರ ಸ್ತ್ರೀಲಿಂಗ. ಹುಣಸೆಯದೂ ಇದೇ ಕಥೆ, ಟ್ಯಾಮರಿಂಡಸ್ ಇಂಡಿಕ. ಕಾರಣ ಇಷ್ಟು: ಲ್ಯಾಟಿನ್ನಿನಲ್ಲಿ ಮರಗಳ ಹೆಸರು ಸಾಮಾನ್ಯವಾಗಿ ಸ್ತ್ರೀಲಿಂಗ, ಕೊನೆ ಹೇಗೇ ಇರಲಿ. 1753ರಲ್ಲಿ ಸಸ್ಯಶಾಸ್ತ್ರಜ್ಞ ಲಿನೇಯಸ್ ಈ ಹೆಸರುಗಳನ್ನು ಅಚ್ಚು ಹಾಕಿಸಿದಾಗ ಅದೇ ಪದ್ಧತಿಯನ್ನು ಪಾಲಿಸಿದ. ವ್ಯಾಕರಣದ ಪುಸ್ತಕದಲ್ಲಿ ಅಪವಾದವೆಂದು ಬೇಸರದಿಂದ ಓದಿದ ನಿಯಮ ಅರಳಿಯ ಕಾಂಡದ ಮೇಲೆ ಸಿಕ್ಕರೆ ಮತ್ತೆ ಮರೆಯುವುದಿಲ್ಲ.

ಲಿಂಗದ ವಿಷಯದಲ್ಲೂ ಒಂದು ಕಡೆ ಕನ್ನಡ ಮತ್ತೆ ಕೈಹಿಡಿಯುತ್ತದೆ. ಲ್ಯಾಟಿನ್ನಿನಲ್ಲಿ ನಪುಂಸಕಲಿಂಗದ ಪ್ರಥಮೆ ದ್ವಿತೀಯೆಗಳಿಗೆ ಒಂದೇ ರೂಪ. ವೀನುಮ್ ಬಿಬಿತ್, ವೈನ್ ಕುಡಿಯುತ್ತಾನೆ. ನಾವೂ ಪುಸ್ತಕ ಓದಿದೆ ಎನ್ನುತ್ತೇವೆ, 'ಅನ್ನು' ಬೇಕಾಗುವುದಿಲ್ಲ. ಆದರೆ ರಾಮ ಕರೆದೆ ಎನ್ನಲು ಬರುವುದಿಲ್ಲ, ರಾಮನನ್ನು ಎನ್ನಲೇಬೇಕು.

ವಿಶೇಷಣದ ಈ ಹೊಂದಾಣಿಕೆಗೆ ಪಡುವ ಶ್ರಮ ಪದ್ಯಕ್ಕೆ ಬಂದಾಗ ಬೆಲೆ ಪಡೆಯುತ್ತದೆ. ರೋಮಿನ ಕವಿ ವರ್ಜಿಲ್ ಸಾಲಿನ ಆರಂಭದಲ್ಲಿ ವಿಶೇಷಣವನ್ನಿಟ್ಟು ಅದರ ನಾಮಪದವನ್ನು ಕೊನೆಗೆ ತರಬಲ್ಲ. ಲಿಂಗ, ವಚನ, ವಿಭಕ್ತಿ ಮೂರೂ ಕೂಡುವುದರಿಂದ ಯಾವುದು ಯಾವುದಕ್ಕೆ ಸೇರಿದ್ದೆಂದು ಓದುಗ ಹಿಡಿಯುತ್ತಾನೆ. ಇದನ್ನು ಮಾಡುವ ಬಗೆಯೂ ನಮಗೆ ಹೊಸದಲ್ಲ. ಪಂಪನ ಪದ್ಯಕ್ಕೆ ಮೇಷ್ಟ್ರು ಅನ್ವಯ ಹೇಳಿಸುತ್ತಿದ್ದರಲ್ಲ, ಕ್ರಿಯಾಪದ ಹುಡುಕು, ಆಮೇಲೆ ಕರ್ತೃ, ಆಮೇಲೆ ಉಳಿದದ್ದು ಎಂದು, ಅದೇ ಕ್ರಮ. ವರ್ಜಿಲನ ಈನಿಯಡ್ ಕಾವ್ಯಕ್ಕೆ ಕೈಹಾಕಲು ನನಗಿನ್ನೂ ಕಾಲವಿದೆ. ಸದ್ಯ ಸೀಸರನ ಗದ್ಯ ಹಿಡಿದಿದ್ದೇನೆ. ಅಲ್ಲಿ ವಾಕ್ಯ ಎಷ್ಟೇ ಉದ್ದವಾದರೂ ಕ್ರಿಯಾಪದ ಹೆಚ್ಚಾಗಿ ನಮ್ಮಲ್ಲಿಯ ಹಾಗೆ ಕೊನೆಗೇ ಬರುತ್ತದೆ. ಅಲ್ಲಿಯವರೆಗೆ ಕಾಯುವುದು ಕನ್ನಡದವರಿಗೆ ರೂಢಿಯೇ ಇದೆ.